ಹಲ್ಲಿನ ಕಿಟ್ಟ ತೆಗೆಸಿದರೆ ಶುಗರ್ ಇಳಿಯುತ್ತದೆಯೇ?

ಪ್ರಶ್ನೆ: ನಾನು ಡೆಂಟಲ್ ಹೈಜೀನಿಸ್ಟ್. ಚಿಕಿತ್ಸೆಗೆ ಬಂದಿರುವ 52 ವರ್ಷದ ಮಧುಮೇಹಿಯೊಬ್ಬರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಶೇ 8.6 ಇದೆ. ಬ್ರಷ್ ಮಾಡಿದರೆ ವಸಡಿನಲ್ಲಿ ರಕ್ತ ಬರುತ್ತದೆ. ‘ಹಲ್ಲು ಕ್ಲೀನ್ ಮಾಡಿಸಿದರೆ ಶುಗರ್ ಕಡಿಮೆ ಆಗುತ್ತಾ?’ ಎಂದು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಇಳಿಯುತ್ತದೆ, ಆದರೆ ಸ್ವಲ್ಪವೇ. ಪೆರಿಯೊಡಾಂಟೈಟಿಸ್ (ಹಲ್ಲಿಗೆ ಆಧಾರವಾದ ವಸಡು, ಮೂಳೆಗಳನ್ನು ಹಾಳುಮಾಡುವ ರೋಗ) ಇರುವ ಮಧುಮೇಹಿಗಳಲ್ಲಿ ವಸಡಿನ ಕೆಳಗಿನ ಕಿಟ್ಟವನ್ನು ಸರಿಯಾಗಿ ತೆಗೆದಾಗ, ಮೂರು–ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಇವರದು 8.2ರ ಆಸುಪಾಸಿಗೆ ಬಂದೀತು. ಮಾತ್ರೆ, ಪಥ್ಯ ಎರಡೂ ಮುಂದುವರಿಯಲೇಬೇಕು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿಬಿಡಿ. ಹೊರಗೆ ಕಾಣುವ ಕಿಟ್ಟವನ್ನಷ್ಟೇ ಉದುರಿಸಿ ಪಾಲಿಶ್ ಮಾಡಿ ಕಳಿಸಿದರೆ ಆ 0.4 ಕೂಡ ಸಿಗದು.

ಕಾರಣ ಪಾಕೆಟ್ಟಿನ, ಅಂದರೆ ಹಲ್ಲಿಗೂ ವಸಡಿಗೂ ನಡುವೆ ಆಳವಾದ ಸಂದಿನ, ಒಳಗಿದೆ. ಅದರ ಒಳಗೋಡೆ ಹುಣ್ಣಾದ ಚರ್ಮದ ಹಾಗೆ. ಅಲ್ಲಿಂದ ಬ್ಯಾಕ್ಟೀರಿಯಾ ಮತ್ತು ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಅತ್ತ ಸಕ್ಕರೆ ಏರಿದಷ್ಟೂ ಬಿಳಿ ರಕ್ತಕಣಗಳು ಸೋಲುತ್ತವೆ, ವಸಡು ಮಾಯುವುದು ನಿಧಾನವಾಗುತ್ತದೆ.

ಪ್ರೋಬ್ (ಪಾಕೆಟ್ಟಿನ ಆಳ ಅಳೆಯುವ ತೆಳು ಕಡ್ಡಿ) ಹಿಡಿಯುವ ಕೈ ಹಗುರವಾಗಿರಲಿ: 20–25 ಗ್ರಾಂ ಒತ್ತಡ ಸಾಕು. ಅಭ್ಯಾಸಕ್ಕೆ ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಒತ್ತಿ ನೋಡಿಕೊಳ್ಳಿ. ಪ್ರತಿ ಹಲ್ಲಿಗೆ ಆರು ಕಡೆ ಅಳೆಯಬೇಕು, ತುದಿಯನ್ನು ಎತ್ತದೆ ಒಂದೊಂದು ಮಿಲಿಮೀಟರ್ ಸರಿಸುತ್ತ ಹೋಗಬೇಕು. ಎರಡು ಹಲ್ಲು ತಾಗುವಲ್ಲಿ ಪ್ರೋಬನ್ನು ತುಸು ಓರೆ ಮಾಡಿ ಒಳಗೆ ತೂರಿಸದಿದ್ದರೆ ಅತಿ ಆಳದ ಪಾಕೆಟ್ಟೇ ಕಣ್ತಪ್ಪುತ್ತದೆ. ಚಾರ್ಟಿನಲ್ಲಿ ‘3’ ಎಂದು ಬರೆದಲ್ಲಿ ನಿಜವಾಗಿ 6 ಇರಬಹುದು. ರಕ್ತವನ್ನು ತಕ್ಷಣ ನೋಡಿ ಮುಂದೆ ಹೋಗಬೇಡಿ, ಅರ್ಧ ನಿಮಿಷ ಬಿಟ್ಟು ನೋಡಿ. ಸಿಗರೇಟು ಸೇದುವವರಲ್ಲಿ ರಕ್ತ ಕಡಿಮೆ ಕಂಡರೆ ವಸಡು ಚೆನ್ನಾಗಿದೆ ಎಂದು ತಿಳಿಯಬೇಡಿ, ಹೊಗೆ ಅದನ್ನು ಮರೆಮಾಡಿರುತ್ತದೆ.

2018ರಲ್ಲಿ ಪ್ರಕಟವಾದ ವರ್ಗೀಕರಣದ ಪ್ರಕಾರ ಪೆರಿಯೊಡಾಂಟೈಟಿಸ್ ಇದ್ದು ಎಚ್‌ಬಿಎ1ಸಿ 7 ಅಥವಾ ಹೆಚ್ಚಿದ್ದರೆ ಗ್ರೇಡ್ ಸಿ, ಅಂದರೆ ರೋಗ ವೇಗವಾಗಿ ಹೆಚ್ಚುವ ಗುಂಪು. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು ಸೇದುವವರೂ ಅದೇ ಸಾಲಿಗೆ. ಹಾಗಾಗಿ ನಿರ್ವಹಣೆಗೆ ಆರು ತಿಂಗಳು ಕಾಯಬಾರದು, ಮೂರು ತಿಂಗಳಿಗೊಮ್ಮೆ ಕರೆಯಿರಿ. ಮೊದಲ ಮರುಪರೀಕ್ಷೆ ಆರರಿಂದ ಎಂಟು ವಾರಕ್ಕಿರಲಿ. ಎರಡನೇ ವಾರವೇ ಪಾಕೆಟ್ ಅಳೆದರೆ ಇನ್ನೂ ಮಾಯುತ್ತಿರುವ ಅಂಗಾಂಶವನ್ನು ಚುಚ್ಚಿದ ಹಾಗಾಗುತ್ತದೆ.

ಅಪಾಯಿಂಟ್‌ಮೆಂಟ್ ಬೆಳಿಗ್ಗೆ ಕೊಡಿ, ತಿಂಡಿ ತಿಂದು ಮಾತ್ರೆ ನುಂಗಿ ಬರಲಿ. ‘ಹಲ್ಲಿನ ಕೆಲಸ ಇದೆಯಲ್ಲ, ಏನೂ ತಿನ್ನಲಿಲ್ಲ’ ಎಂದು ಮಾತ್ರೆ ಮಾತ್ರ ನುಂಗಿ ಬರುವವರಿಂದಲೇ ತೊಂದರೆ. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಸ್ಕೇಲರ್ (ಕಿಟ್ಟ ತೆಗೆಯುವ ಉಪಕರಣ) ಮುಟ್ಟಬೇಡಿ. ಎಚ್ಚರವಾಗಿದ್ದು ನುಂಗಬಲ್ಲವರಿಗೆ 15 ಗ್ರಾಂ ಗ್ಲುಕೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ.

ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಸ್ಕೇಲಿಂಗ್ ಮುಂಚೆ ಆಂಟಿಬಯಾಟಿಕ್ ಬೇಕೇ? ಆಸ್ಪಿರಿನ್ ನಿಲ್ಲಿಸಲು ಹೇಳಬೇಕೇ?

ಉತ್ತರ: ಎರಡಕ್ಕೂ ಬೇಡ ಎಂದೇ ಉತ್ತರ. ಆಂಟಿಬಯಾಟಿಕ್ ಬೇಕಿರುವುದು ಕೃತಕ ಕವಾಟ ಇರುವವರಿಗೆ, ಹಿಂದೆ ಎಂಡೋಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಆದವರಿಗೆ, ಕೆಲವು ಬಗೆಯ ಜನ್ಮಜಾತ ಹೃದ್ರೋಗದವರಿಗೆ. ಅಂಥ ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು 2 ಗ್ರಾಂ ಅಮಾಕ್ಸಿಸಿಲಿನ್, ಅರ್ಧದಿಂದ ಒಂದು ಗಂಟೆ ಮೊದಲು. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಹಿಂದೆ ಕೊಡುತ್ತಿದ್ದ ಕ್ಲಿಂಡಮೈಸಿನ್ ಅನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಪಟ್ಟಿಯಿಂದ ಕೈಬಿಟ್ಟಿದೆ. ಹಳೆಯ ಚಾರ್ಟ್ ಗೋಡೆಯ ಮೇಲಿದ್ದರೆ ತೆಗೆದುಹಾಕಿ.

ಆಸ್ಪಿರಿನ್ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು, ಅದು ಪ್ರಾಣಕ್ಕೇ ಕುತ್ತು. ಸ್ಕೇಲಿಂಗಿನ ರಕ್ತಸ್ರಾವವಾದರೋ ಗಾಜ್ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಧೈರ್ಯ ಸಾಲದಿದ್ದರೆ ಮೊದಲು ಬಾಯಿಯ ಕಾಲು ಭಾಗವನ್ನಷ್ಟೇ ಮಾಡಿ ನೋಡಿ.

ಪ್ರಶ್ನೆ: ಬಿ.ಪಿ.ಗೆ ಅಮ್ಲೊಡಿಪಿನ್ ತೆಗೆದುಕೊಳ್ಳುವವರ ಮುಂದಿನ ಹಲ್ಲುಗಳ ನಡುವೆ ವಸಡು ಉಬ್ಬಿದೆ. ಪಾಕೆಟ್ 6 ಮಿ.ಮೀ. ಬರುತ್ತಿದೆ. ಮೂಳೆ ಹೋಗಿದೆಯೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಈ ಮಾತ್ರೆಯಿಂದ ಕೆಲವರಿಗೆ ವಸಡು ಉಬ್ಬುತ್ತದೆ, ಆಗ ಅಳತೆ ಹೆಚ್ಚು ಬರುತ್ತದೆ. ಹಲ್ಲಿನ ಎನಾಮಲ್ ಮುಗಿಯುವ ಗೆರೆಯನ್ನು ಪ್ರೋಬಿನ ತುದಿಯಿಂದ ತಡಕಿ ಗುರುತಿಸಿ. ವಸಡಿನ ಅಂಚು ಆ ಗೆರೆಯನ್ನು 3 ಮಿ.ಮೀ. ಮುಚ್ಚಿದ್ದರೆ, 6ರಲ್ಲಿ 3 ಕಳೆಯಿರಿ. ವಸಡು ಹಲ್ಲಿನ ಹಿಡಿತ ಬಿಟ್ಟಿರುವುದು 3 ಮಿ.ಮೀ. ಮಾತ್ರ. 6ಕ್ಕೆ 6ನ್ನೂ ಮುಚ್ಚಿದ್ದರೆ ಅದು ಸುಳ್ಳು ಪಾಕೆಟ್. ಮೂಳೆಯ ಮಟ್ಟಕ್ಕೆ ಎಕ್ಸ್‌ರೇ ನೋಡಲೇಬೇಕು. ಹಲ್ಲಿನ ಮೇಲೆ ಪಾಚಿ (ಪ್ಲೇಕ್) ಇದ್ದಲ್ಲಿ ಈ ಉಬ್ಬು ಹೆಚ್ಚು, ಆದ್ದರಿಂದ ಸ್ವಚ್ಛತೆಯಿಂದಲೇ ಶುರು ಮಾಡಿ. ಮಾತ್ರೆ ಬದಲಿಸುವ ಮಾತನ್ನು ರೋಗಿಗೆ ಹೇಳದೆ ವೈದ್ಯರಿಗೆ ಬರೆಯಿರಿ. ಎಷ್ಟೋ ಮಂದಿ ಕೇಳಿದ ಮರುದಿನವೇ ಬಿ.ಪಿ. ಮಾತ್ರೆ ಬಿಟ್ಟುಬಿಡುತ್ತಾರೆ.