ಅಜ್ಜನ ಕಾಲದ ಜೋಡುನಳಿಗೆ ಕೋವಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ?

ನೀವು ಬರೆದದ್ದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ತೀರ್ಥಹಳ್ಳಿ ಕಡೆಯ ಮನೆ, ಅಜ್ಜ ಶಿಕಾರಿಗೆ ಬಳಸುತ್ತಿದ್ದ ವೆಬ್ಲಿ ಅಂಡ್ ಸ್ಕಾಟ್ 12 ಬೋರ್ ಜೋಡುನಳಿಗೆ. ಎಡನಳಿಗೆ ಆಗಾಗ ಕೈಕೊಡುತ್ತದೆ, ಮುಚ್ಚಿದ ಮೇಲೂ ನಳಿಗೆ ಸ್ವಲ್ಪ ಅಲ್ಲಾಡುತ್ತದೆ. ಇಂಗ್ಲೆಂಡಿನ ವೆಬ್‌ಸೈಟೊಂದರಲ್ಲಿ ಫೈರಿಂಗ್ ಪಿನ್ (ತೋಟೆಯ ಹಿಂಬದಿಗೆ ಬಡಿದು ಹೊಡೆಸುವ ಕಡ್ಡಿ) ಕಂಡಿದೆ, ತರಿಸಬಹುದೇ?

ತರಿಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯಾನದಲ್ಲಿ ಕೋವಿಯ ಬಿಡಿಭಾಗವೂ ಶಸ್ತ್ರವೇ. ವಿದೇಶದಿಂದ ಶಸ್ತ್ರ ತರಿಸುವುದಕ್ಕೆ ಹತ್ತನೇ ಸೆಕ್ಷನ್ನಿನ ಪ್ರಕಾರ ಬೇರೆಯದೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ಬೆರಳುದ್ದದ ಉಕ್ಕಿನ ಕಡ್ಡಿಯನ್ನು ಅಂಚೆಯಲ್ಲಿ ತರಿಸಿ ಕಸ್ಟಮ್ಸ್‌ನವರಿಗೆ ಉತ್ತರ ಕೊಡುವ ಉಸಾಬರಿ ಯಾಕೆ?

ಕಾನೂನಿನ ಮಾತು ಪಕ್ಕಕ್ಕಿಡೋಣ. ಆ ಪಿನ್ ಬಂದರೂ ನಿಮ್ಮ ಕೋವಿಗೆ ಕೂರುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಆ ಕಾಲದ ಬರ್ಮಿಂಗ್‌ಹ್ಯಾಮ್ ಕೋವಿಗಳ ಭಾಗಗಳು ಯಂತ್ರದಿಂದ ಒರಟಾಗಿ ಹೊರಬರುತ್ತಿದ್ದವು. ಆಮೇಲೆ ಬೆಂಚಿನ ಮುಂದೆ ಕುಳಿತವನು ಅರ ಹಿಡಿದು ಒಂದೊಂದನ್ನೂ ಆ ಒಂದು ಕೋವಿಗೆ ಮಾತ್ರ ಹೊಂದಿಸುತ್ತಿದ್ದ. ನಳಿಗೆ, ಆಕ್ಷನ್ (ನಳಿಗೆ ಬಂದು ಕೂರುವ ಉಕ್ಕಿನ ಒಡಲು), ಮುಂಗೈ ಮರದ (ನಳಿಗೆಯ ಕೆಳಗೆ ಕೈ ಹಿಡಿಯುವ ಮರದ) ಕಬ್ಬಿಣ ಮೂರರ ಮೇಲೂ ಒಂದೇ ನಂಬರ್ ಕೆತ್ತಿರುವುದು ಅದಕ್ಕಾಗಿಯೇ. ಒಂದೇ ವರ್ಷ, ಒಂದೇ ಮಾದರಿಯ ಇನ್ನೊಂದು ಕೋವಿಯ ಭಾಗ ತಂದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಬೈಕಿನ ಕ್ಲಚ್ ಪ್ಲೇಟ್ ತಂದು ಹಾಕಿದಂತೆ ಇದಕ್ಕೆ ಆಗುವುದಿಲ್ಲ.

ಇನ್ನೂ ಒಂದು ಮಾತು. ನಿಮ್ಮದು ಬಾಕ್ಸ್‌ಲಾಕ್ ಇರಬೇಕು, ಅಂದರೆ ಹೊಡೆಯುವ ಏರ್ಪಾಟೆಲ್ಲ (ಲಾಕ್) ಆಕ್ಷನ್ನಿನ ಒಳಗೇ ಅಡಗಿರುವಂಥದ್ದು. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಪೇಟೆಂಟ್ ಮಾಡಿದ ಏರ್ಪಾಟು ಅದು. ನಳಿಗೆ ಕೆಳಗೆ ಮಡಚುವಾಗಲೇ ಒಳಗಿನ ಸುತ್ತಿಗೆಗಳು ಹಿಂದಕ್ಕೆ ಹೋಗಿ ಸಜ್ಜಾಗುತ್ತವೆ. ಇಂಥ ಎಷ್ಟೋ ಕೋವಿಗಳಲ್ಲಿ ಬೇರೆಯಾಗಿ ಪಿನ್ ಎಂಬುದೇ ಇರುವುದಿಲ್ಲ, ಸುತ್ತಿಗೆಯ ಮೂಗೇ ಪಿನ್. ಹಾಗಾಗಿ ನೀವು ಹುಡುಕುತ್ತಿರುವ ವಸ್ತು ನಿಮ್ಮ ಕೋವಿಯೊಳಗೆ ಇದೆಯೋ ಇಲ್ಲವೋ ಎಂದು ಮೊದಲು ಗೊತ್ತಾಗಲಿ. ವೆಬ್ಲಿ ಅಂಡ್ ಸ್ಕಾಟ್ 1979ರಲ್ಲಿ ಕೋವಿ ಮಾಡುವುದನ್ನು ನಿಲ್ಲಿಸಿತು. ಈಗ ಉತ್ತರ ಪ್ರದೇಶದಲ್ಲಿ ಅದೇ ಹೆಸರಿನಲ್ಲಿ ರಿವಾಲ್ವರ್ ತಯಾರಾಗುತ್ತಿದೆ. ಹೆಸರು ಒಂದೇ ಎಂದ ಮಾತ್ರಕ್ಕೆ ಅಜ್ಜನ ಕೋವಿಯ ಭಾಗ ಅಲ್ಲಿ ಸಿಕ್ಕೀತು ಎಂದು ಹೊರಡಬೇಡಿ.

ಹಾಗಾದರೆ ಎಡನಳಿಗೆ ಯಾಕೆ ಹೊಡೆಯುತ್ತಿಲ್ಲ? ನಾನು ಕೊಡಗಿನವನು. ನಮ್ಮ ಕಡೆ ಆಗಸ್ಟ್ ಮುಗಿಯುತ್ತಿದ್ದಂತೆ, ಕೈಲ್ ಪೊಳ್ದ್ ಹಬ್ಬಕ್ಕೆ ಮುಂಚೆ, ಮನೆಮನೆಯಲ್ಲೂ ಕೋವಿ ಹೊರಗೆ ಬರುತ್ತದೆ. ಹಬ್ಬದ ದಿನ ನಳಿಗೆಯ ತುದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ. ಆ ಹೊತ್ತಿಗೆ ರಿಪೇರಿಗೆ ಬರುವ ‘ಪಿನ್ ಹೋಗಿದೆ’ ಎಂಬ ಕೋವಿಗಳಲ್ಲಿ ಹೆಚ್ಚಿನವಕ್ಕೆ ಪಿನ್ ಹೋಗಿರುವುದಿಲ್ಲ, ಕಾಟ ಕೊಡುತ್ತಿರುವುದು ಎಣ್ಣೆ. ಅದರಲ್ಲೂ ತೆಂಗಿನೆಣ್ಣೆ. ಹಿಂದಿನವರು ಕೈಗೆ ಸಿಕ್ಕ ಎಣ್ಣೆ ಹಚ್ಚಿ ಗೋಡೆಗೆ ನೇತುಹಾಕಿದರು. ಅದು ವರ್ಷಗಟ್ಟಲೆ ಒಳಗೆ ಇಳಿದು, ಧೂಳು ಕುಡಿದು, ಅಂಟಾಗಿ ಸುತ್ತಿಗೆಯ ಕಾಲು ಹಿಡಿದಿರುತ್ತದೆ. ತೆಂಗಿನೆಣ್ಣೆ ಹೇಗೂ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವಂಥದ್ದು, ಮಲೆನಾಡಿನ ಬೆಳಗಿನ ಚಳಿಯಲ್ಲಿ ಕೇಳಬೇಕೇ. ‘ಮಧ್ಯಾಹ್ನ ಹೊಡೆಯುತ್ತದೆ, ಬೆಳಗ್ಗೆ ಹೊಡೆಯುವುದಿಲ್ಲ’ ಎಂಬ ದೂರು ಕೇಳಿದರೆ ನಮ್ಮ ರಿಪೇರಿಯವರು ಬಿಚ್ಚುವ ಮೊದಲೇ ನಗುತ್ತಾರೆ.

ಹೊಡೆಯದೆ ಉಳಿದ ತೋಟೆಗಳನ್ನು ಎಸೆಯಬೇಡಿ, ಹಾಗೇ ಎತ್ತಿಟ್ಟು ರಿಪೇರಿಯವರಿಗೆ ತೋರಿಸಿ. ಹಿಂಬದಿಯ ಕೇಪಿನ (ಬಡಿದಾಗ ಕಿಡಿ ಕೊಡುವ ಬಿಲ್ಲೆಯ) ಮೇಲಿನ ಗುರುತೇ ಅರ್ಧ ಕಥೆ ಹೇಳುತ್ತದೆ. ಗುರುತು ನಡುವಿನಲ್ಲೇ ಇದ್ದು ಆಳವಿಲ್ಲದಿದ್ದರೆ ಅಂಟು ಅಥವಾ ಸೋತ ಸ್ಪ್ರಿಂಗ್. ಗುರುತು ಒಂದು ಬದಿಗೆ ಸರಿದಿದ್ದರೆ ಮೂಗು ಸವೆದಿದೆ, ಇಲ್ಲವೇ ನಳಿಗೆ ತನ್ನ ಜಾಗದಲ್ಲಿ ಕೂರುತ್ತಿಲ್ಲ. ಗುರುತೇ ಇಲ್ಲವೆಂದರೆ ಮಾತ್ರ ಏನೋ ಮುರಿದಿರುವ ಸಂಭವ ಹೆಚ್ಚು.

ನೀವು ಎರಡು ಕಾಯಿಲೆ ಎಂದು ಬರೆದಿದ್ದೀರಿ, ಒಂದೇ ಇರಬಹುದು. ಮುಚ್ಚಿದ ಕೋವಿ ಅಲ್ಲಾಡುತ್ತದೆ ಎಂದರೆ ನಳಿಗೆಯ ಕೆಳಗಿನ ಕೊಕ್ಕೆಯೋ ಅದು ತಿರುಗುವ ಗೂಟವೋ ಸವೆದು, ನಳಿಗೆಯ ಹಿಂಬದಿಗೂ ಆಕ್ಷನ್ನಿನ ಮುಖಕ್ಕೂ ನಡುವೆ ಸಂದು ಬಿದ್ದಿದೆ. ತೋಟೆ ಆ ಸಂದಿನಷ್ಟು ಮುಂದೆ ಉಳಿಯುತ್ತದೆ, ಸುತ್ತಿಗೆಯ ಮೂಗು ಅಲ್ಲಿಗೆ ಪೂರ್ತಿ ಮುಟ್ಟುವುದಿಲ್ಲ. ಪರೀಕ್ಷೆ ಸುಲಭ: ಎರಡೂ ನಳಿಗೆ ಖಾಲಿ ಎಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಂಡು, ಮುಂಗೈ ಮರ ತೆಗೆದು, ಮುಚ್ಚಿದ ಕೋವಿಯನ್ನು ಹಿಡಿಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಟಕ್ ಟಕ್ ಎಂದರೆ, ಅಥವಾ ದೀಪಕ್ಕೆ ಹಿಡಿದಾಗ ಹಿಂಬದಿಯ ಸಂದಿನಲ್ಲಿ ಬೆಳಕು ಕಂಡರೆ, ರಿಪೇರಿ ಆಗುವವರೆಗೆ ತೋಟೆ ತುಂಬಬೇಡಿ. ಇದಕ್ಕೆ ಮದ್ದು ಬಿಡಿಭಾಗವಲ್ಲ. ಗೂಟ ಹೊಸದಾಗಿ ಕಡೆದು ಹಾಕುವುದೋ ಕೊಕ್ಕೆಗೆ ಲೋಹ ಕೂಡಿಸಿ, ಎಲ್ಲಿ ತಾಗುತ್ತದೆ ಎಂದು ಮಸಿ ಹಚ್ಚಿ ನೋಡುತ್ತಾ ಅರ ಹಾಕುವುದೋ. ತಾಳ್ಮೆಯ ಕೆಲಸ, ದಿನಗಟ್ಟಲೆ ಹಿಡಿಯುತ್ತದೆ.

ಒಳಗಿನ ಲಾಕನ್ನು ಮಾತ್ರ ನೀವು ಬಿಚ್ಚಲು ಹೋಗಬೇಡಿ. ‘ವಿ’ ಆಕಾರದ ಸ್ಪ್ರಿಂಗ್‌ಗಳನ್ನು ಅದಕ್ಕೆಂದೇ ಇರುವ ಹಿಡಿಕದಿಂದ ಹಿಡಿದು ತೆಗೆಯದಿದ್ದರೆ ಸ್ಪ್ರಿಂಗ್ ಮುರಿಯುತ್ತದೆ, ಇಲ್ಲವೇ ಬೆರಳಿಗೆ ಬೀಳುತ್ತದೆ. ಸ್ಕ್ರೂಗಳ ತಲೆಯ ಗೀರು ಕಾಗದದಷ್ಟು ಸಣ್ಣ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ತಗುಲಿದರೆ ಕಿತ್ತುಹೋಗುತ್ತದೆ. ಹಳೆಯ ಕೋವಿ ಕೊಳ್ಳುವವರು ಮೊದಲು ನೋಡುವುದೇ ಆ ಗೀರುಗಳನ್ನು.

ಈಗ ಯಾರ ಬಳಿ ಒಯ್ಯಬೇಕು ಎಂಬುದು. ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಯನ್ನು ಕಸುಬಾಗಿ ಮಾಡುವವನಿಗೂ ಲೈಸೆನ್ಸ್ ಬೇಕು. ಊರಿನ ಕಮ್ಮಾರ ಎಷ್ಟೇ ಕೈಗುಣದವನಾದರೂ ಅವನನ್ನು ಈ ತಾಪತ್ರಯಕ್ಕೆ ಎಳೆಯಬೇಡಿ. ‘ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ’ ಎಂದು ಯಾರಾದರೂ ಕಾಮೆಂಟ್ ಹಾಕುವುದು ಖಂಡಿತ, ಅದಕ್ಕೂ ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ, 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು, ಕೋವಿ ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಮಾತ್ರ. ರಿಪೇರಿ ಅಂಗಡಿ ತೆರೆಯಲು ಅಲ್ಲ. ನಾವೂ ಲೈಸೆನ್ಸ್ ಇರುವವರ ಬಳಿಯೇ ಹೋಗುತ್ತೇವೆ.

ನಿಮ್ಮ ಜಿಲ್ಲೆಯ ಕೋವಿ-ತೋಟೆ ಅಂಗಡಿಯವರನ್ನು ಮೊದಲು ಕೇಳಿ. ‘ರಿಪೇರಿ ಮಾಡುತ್ತೀರಾ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ‘ಕೆಲಸ ಮಾಡುವವರು ಯಾರು, ಅವರನ್ನು ನೋಡಬಹುದೇ’ ಎಂದು ಕೇಳಿ. ವಯಸ್ಸಾದವರು, ಅರ ಹಿಡಿದು ಬೆರಳು ಒರಟಾದವರು ಸಿಕ್ಕರೆ ನಿಮ್ಮ ಅದೃಷ್ಟ. ಇಲ್ಲಿ ಆಗದಿದ್ದರೆ ಬಿಹಾರದ ಮುಂಗೇರ್ ಇದೆ. ಹದಿನೆಂಟನೇ ಶತಮಾನದಲ್ಲಿ ನವಾಬ ಮೀರ್ ಕಾಸಿಂ ಅಲ್ಲಿ ಶಸ್ತ್ರಾಗಾರ ಕಟ್ಟಿದ ಮೇಲೆ ಬೆಳೆದ ಕಸುಬು. ಈಗಲೂ ಲೈಸೆನ್ಸ್ ಪಡೆದ ಕೋವಿ ಕಾರ್ಖಾನೆಗಳಿವೆ. ಕಳ್ಳ ಪಿಸ್ತೂಲಿಗೂ ಅದೇ ಊರು ಹೆಸರುವಾಸಿ, ಹಾಗಾಗಿ ಕಾಗದಪತ್ರ ನೋಡದೆ ಯಾರ ಕೈಗೂ ಕೊಡಬೇಡಿ. ನಿಮ್ಮ ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂದು ನೋಡಿಕೊಳ್ಳದೆ ಕೋವಿಯನ್ನು ರಾಜ್ಯದಾಚೆ ಒಯ್ಯಲೂ ಬೇಡಿ. ಲೈಸೆನ್ಸ್ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ರಿಪೇರಿಯ ಮಾತೇ ಆಮೇಲೆ. ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಟ್ಟು, ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ.

ರಿಪೇರಿಯವರು ಉತ್ಸಾಹದಲ್ಲಿ ಮಾಡಲು ಹೊರಡುವ ಕೆಲವು ಕೆಲಸಗಳಿಗೆ ಖಡಾಖಂಡಿತ ಬೇಡ ಎನ್ನಿ. ಒಂದು, ನಳಿಗೆಗೆ ಕುದಿಯುವ ಕಾಸ್ಟಿಕ್ ದ್ರಾವಣದಲ್ಲಿ ಮುಳುಗಿಸಿ ಕಪ್ಪು ಬಣ್ಣ ಹಾಕುವುದು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಬೆಸೆದಿರುವುದು ಮೆದು ಬೆಸುಗೆ. ಕಾಸ್ಟಿಕ್ ಅದನ್ನು ತಿನ್ನುತ್ತದೆ, ಒಳಗೆ ಉಳಿದು ವರ್ಷಗಟ್ಟಲೆ ತುಕ್ಕು ಹಿಡಿಸುತ್ತದೆ. ಹಳೆಯ ರೀತಿಯೆಂದರೆ ಸಣ್ಣಗೆ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ಹಿಡಿಸುವುದು. ಎರಡು, ಪಟ್ಟಿ ಎದ್ದಿದೆ ಎಂದು ಗ್ಯಾಸ್ ವೆಲ್ಡಿಂಗ್. ಆ ಶಾಖಕ್ಕೆ ನಳಿಗೆ ಕೆಟ್ಟಂತೆ. ಮೂರು, ನಳಿಗೆ ಗಿಡ್ಡ ಮಾಡುವುದು. ಅದು ಆರನೇ ಸೆಕ್ಷನ್ನಿನ ಅಪರಾಧವೂ ಹೌದು, ಕೋವಿಗೆ ಮಾಡುವ ಅವಮಾನವೂ ಹೌದು.

ಮರದ ವಿಷಯ ಬೇಗ ಮುಗಿಸುತ್ತೇನೆ. ಆಕ್ಷನ್ ಸೇರುವ ಜಾಗದಲ್ಲಿ ವಾಲ್ನಟ್ ಕಪ್ಪಾಗಿ ಮೆತ್ತಗಾಗಿದ್ದರೆ ಅದೂ ಎಣ್ಣೆಯ ಪ್ರತಾಪ. ಎಣ್ಣೆ ಹೀರಿ ತೆಗೆದು ಬಿರುಕು ಕೂಡಿಸಬಹುದು. ಬೀಟೆಯ ಹೊಸ ಹಿಡಿ ಹಾಕಿಸುವ ಆಸೆ ಬೇಡ, ಭಾರ ಹಿಂದಕ್ಕೆ ಬಂದು ಕೋವಿಯ ತೂಕವೇ ತಪ್ಪುತ್ತದೆ. ಒರೆಸಿದ ಮೇಲೆ ಒಂದೆರಡು ದಿನ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ, ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಲೇಬೇಡಿ, ಚರ್ಮ ತೇವ ಹಿಡಿಯುತ್ತದೆ. ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಟ್ಟಿದ್ದ ಕೋವಿಯನ್ನು ಮನೆಗೆ ತಂದ ದಿನವೇ ಒರೆಸಿ.

ರಿಪೇರಿಯಾದ ಮೇಲೆ ತೋಟೆ ಯಾವುದು ಹಾಕಬೇಕು ಎಂದು ನೀವು ಕೇಳಲೇ ಇಲ್ಲ, ನನಗೆ ಅದೇ ಹೆಚ್ಚು ಚಿಂತೆ. ನಳಿಗೆ ಬಿಚ್ಚಿ ಹಿಂಬದಿಯ ತಳದ ಚಪ್ಪಟೆ ಜಾಗ ನೋಡಿ. ಕಿರೀಟದ ಕೆಳಗೆ ‘ಬಿಎನ್‌ಪಿ’ ಎಂಬ ಅಕ್ಷರಗಳಿದ್ದರೆ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನಲ್ಲಿ (ನಳಿಗೆಯ ಬಲ ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ) 1954ರ ನಿಯಮಗಳ ಪ್ರಕಾರ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ ನಳಿಗೆ. ‘ಎನ್‌ಪಿ’ ಎಂದಷ್ಟೇ ಇದ್ದರೆ ಅದಕ್ಕೂ ಹಿಂದಿನದು, ಆದರೂ ಹೊಗೆರಹಿತ ಮದ್ದಿನದೇ. ಅವೆರಡೂ ಇಲ್ಲದೆ, ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಗೆರೆಗಳು ಕಂಡರೆ ಅದು ಡಮಾಸ್ಕಸ್ (ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ನಳಿಗೆ), ಈಗಿನ ತೋಟೆ ಹಾಕಬೇಡಿ. ಆ ಕಾಲದ ಬ್ರಿಟಿಷ್ ಕೋವಿಗಳ ಕೋಣೆ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಬಹಳಷ್ಟು ಎರಡೂವರೆ ಇಂಚಿನದು, ಅಂದರೆ 65 ಮಿಲಿಮೀಟರ್ ತೋಟೆಗೆ. ಈಗ ಅಂಗಡಿಯಲ್ಲಿ ಕೊಡುವುದು ಹೆಚ್ಚಾಗಿ 70 ಮಿಲಿಮೀಟರಿನದು. ಹೊಡೆಯದ ತೋಟೆ ಸ್ವಲ್ಪ ಗಿಡ್ಡವೇ ಇರುವುದರಿಂದ ಒಳಗೆ ಸಲೀಸಾಗಿ ಹೋಗುತ್ತದೆ; ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ಸಡಿಲವಾಗಲು ಇದೂ ಒಂದು ಕಾರಣ. ಕೋಣೆಯನ್ನು ಕೊರೆದು ಉದ್ದ ಮಾಡಿಕೊಡುತ್ತೇನೆ ಎನ್ನುವವರಿಗೂ ಬೇಡ ಎನ್ನಿ, ಆ ಜಾಗದ ಲೋಹ ತೆಳುವಾಗುತ್ತದೆ.

ನಳಿಗೆಯ ತಳದ ಗುರುತುಗಳ ಫೋಟೋ, ಹೊಡೆಯದೆ ಉಳಿದ ತೋಟೆಯ ಹಿಂಬದಿಯ ಫೋಟೋ ಎರಡನ್ನೂ ಇಲ್ಲಿ ಹಾಕಿದರೆ ಇನ್ನಷ್ಟು ಹೇಳಬಲ್ಲೆ. ಸೀರಿಯಲ್ ನಂಬರನ್ನು ಮಾತ್ರ ಮುಚ್ಚಿ ಹಾಕಿ.