ಬಿಪಿ ಇಲ್ಲದ ಹುಡುಗನಿಗೆ ಬಿಪಿ ಮಾತ್ರೆ ಏಕೆ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನ್ನ ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದೇವೆ. ಅವರ ಮಗನಿಗೆ ಹನ್ನೊಂದು ವರ್ಷ. ಶೀತ, ಜ್ವರ ಬಂದಾಗಲೆಲ್ಲ ಅವನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತಿತ್ತು. ಈಗ ಜೀನ್ ಪರೀಕ್ಷೆ ಮಾಡಿಸಿ, ‘ಸಿಒಎಲ್4ಎ3’ ಜೀನಿನ ಎರಡೂ ಪ್ರತಿಗಳಲ್ಲಿ ದೋಷವಿದೆ, ಆಲ್ಪೋರ್ಟ್ ಕಾಯಿಲೆ ಎಂದಿದ್ದಾರೆ. ಅವನ ಬಿಪಿ ಸರಿಯಾಗಿದೆ. ಆದರೂ ಬಿಪಿಗೆ ಕೊಡುವ ರಾಮಿಪ್ರಿಲ್ ಮಾತ್ರೆ ಬರೆದಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಬರೀ ಇಲಿಯ ವಿಷಯವೇ ಬರುತ್ತದೆ. ಇಲಿಗೂ ನಮ್ಮ ಹುಡುಗನಿಗೂ ಏನು ಸಂಬಂಧ? ಮಾತ್ರೆ ನಿಲ್ಲಿಸಬಹುದೇ? ಅವನ ತಂಗಿಗೆ ನಾಲ್ಕು ವರ್ಷ, ಆರೋಗ್ಯವಾಗಿದ್ದಾಳೆ.
– ಹೆಸರು ಬೇಡ, ಅರಸೀಕೆರೆ

ಉತ್ತರ: ನಿಲ್ಲಿಸಬೇಡಿ ತಾಯಿ. ಆ ಮಾತ್ರೆಗೂ ಮೊಬೈಲಿನಲ್ಲಿ ಕಂಡ ಇಲಿಗೂ ನೇರ ನಂಟಿದೆ.

ಒಂದೊಂದು ಕಿಡ್ನಿಯಲ್ಲಿಯೂ ಸುಮಾರು ಹತ್ತು ಲಕ್ಷ ಸೋಸುಗಗಳಿವೆ. ಅವುಗಳೊಳಗಿನ ಸೋಸುವ ಬಟ್ಟೆಯೇ ಬೇಸ್‌ಮೆಂಟ್ ಮೆಂಬ್ರೇನ್ ಎಂಬ ತಳಪೊರೆ. ಈ ಬಟ್ಟೆಯ ನೂಲು ನಾಲ್ಕನೆಯ ಬಗೆಯ ಕೊಲಾಜೆನ್, ಮೂರೆಳೆಯ ಜಡೆ. ಮಗು ಗರ್ಭದಲ್ಲಿರುವಾಗ 1, 1, 2ನೇ ಎಳೆಗಳಿಂದ ಜಡೆ ಹೆಣೆದಿರುತ್ತದೆ. ಕಿಡ್ನಿ ಬಲಿತಂತೆ ಅದರ ಜಾಗಕ್ಕೆ 3, 4, 5ನೇ ಎಳೆಗಳ ಗಟ್ಟಿ ಜಡೆ ಬರಬೇಕು. ನಿಮ್ಮ ಹುಡುಗನಲ್ಲಿ ಕೈಕೊಟ್ಟಿರುವುದು ಮೂರನೆಯ ಎಳೆ. ಅದಿಲ್ಲದೆ ಉಳಿದೆರಡೂ ಜಡೆ ಸೇರುವುದಿಲ್ಲ. ಹಾಗಾಗಿ ಕೂಸಿನ ಕುಲಾವಿಯನ್ನೇ ದೊಡ್ಡವನಾದ ಮೇಲೂ ತೊಟ್ಟಂತಾಗಿದೆ.

ಇಪ್ಪತ್ತೆರಡು ವರ್ಷ ನಾನು ಬಯಾಪ್ಸಿ ನೋಡುತ್ತಾ ಕಳೆದವಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಆರೋಗ್ಯವಂತರ ತಳಪೊರೆ ಇಸ್ತ್ರಿ ಮಾಡಿದ ರಿಬ್ಬನ್ನಿನ ಹಾಗೆ ಒಂದೇ ಸಮನೆ ಕಾಣುತ್ತದೆ. ಆಲ್ಪೋರ್ಟ್‌ನಲ್ಲಿ ಅದು ಒಂದು ಕಡೆ ತೆಳು, ಇನ್ನೊಂದು ಕಡೆ ಉಬ್ಬು. ಸೀಳಿ, ಮತ್ತೆ ಕೂಡಿ, ಬಿದಿರು ಬುಟ್ಟಿಯ ಹೆಣಿಗೆಯಂತಿರುತ್ತದೆ. ಮೊದಲ ಸಲ ಕಂಡಾಗ ತುಣುಕನ್ನು ಕತ್ತರಿಸುವಾಗಲೇ ಕೆಡಿಸಿದ್ದಾರೆಂದು ತಂತ್ರಜ್ಞರ ಮೇಲೆ ರೇಗಿದ್ದೆ. ತಪ್ಪು ನನ್ನದಾಗಿತ್ತು.

ಇನ್ನು ಇಲಿಯ ವಿಷಯ. ಸುಂಡಿಲಿಗೂ ಇದೇ ಜೀನ್ ಇದೆ. ಮನುಷ್ಯನದನ್ನು ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯುತ್ತಾರೆ, ಇಲಿಯದಾದರೆ ಮೊದಲನೆಯದು ಮಾತ್ರ ದೊಡ್ಡದು. ಕನ್ನಡ ಲಿಪಿಗೆ ಈ ಮೇಲುಕೀಳು ಗೊತ್ತಿಲ್ಲ. 1996ರಲ್ಲಿ ಅಮೆರಿಕದ ಎರಡು ತಂಡಗಳು, ಕಾಸ್‌ಗ್ರೋವ್ ಅವರದೊಂದು, ಮೈನರ್ ಮತ್ತು ಸೇನ್ಸ್ ಅವರದೊಂದು, ಸುಂಡಿಲಿಯಲ್ಲಿ ಈ ಜೀನನ್ನು ಕೆಡಿಸಿ ನೋಡಿದವು. ಮೂತ್ರದಲ್ಲಿ ರಕ್ತ, ಆಮೇಲೆ ಪ್ರೋಟೀನ್, ಕೊನೆಗೆ ಕಿಡ್ನಿ ವೈಫಲ್ಯ. ತಳಪೊರೆಯಲ್ಲಿ ಅದೇ ಬುಟ್ಟಿ ಹೆಣಿಗೆ. ವಿಚಿತ್ರವೆಂದರೆ, ಅದೇ ದೋಷವನ್ನು ಬೇರೆ ತಳಿಯ ಇಲಿಗೆ ತಂದರೆ ಅದು ಇನ್ನೂ ಹಲವು ತಿಂಗಳು ಹೆಚ್ಚು ಬದುಕುತ್ತದೆ. ಆದ್ದರಿಂದ ಇಂಥ ಕಾಯಿಲೆಯ ಇನ್ನೊಂದು ಮನೆಯ ಕಥೆ ಕೇಳಿ ನಿಮ್ಮ ಹುಡುಗನ ಭವಿಷ್ಯ ಲೆಕ್ಕ ಹಾಕಬೇಡಿ.

2003ರಲ್ಲಿ ಜರ್ಮನಿಯ ಆಲಿವರ್ ಗ್ರಾಸ್ ಮತ್ತು ಸಂಗಡಿಗರು ಈ ಇಲಿಗಳಿಗೆ ರಾಮಿಪ್ರಿಲ್ ಕೊಟ್ಟರು. ಔಷಧವಿಲ್ಲದವು ಸರಾಸರಿ 71 ದಿನ ಬದುಕಿದವು. ನಾಲ್ಕನೆಯ ವಾರದಿಂದಲೇ ಔಷಧ ಪಡೆದವು 150 ದಿನ. ಏಳನೆಯ ವಾರದಲ್ಲಿ ಶುರು ಮಾಡಿದವುಗಳ ಆಯುಸ್ಸು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅದೇ ಔಷಧ, ಮೂರೇ ವಾರಗಳ ವ್ಯತ್ಯಾಸ!

ಕಾರಣ ಅಡುಗೆಮನೆಯ ತಿಳಿವಳಿಕೆಗೆ ನಿಲುಕುವಂಥದ್ದು. ಸವೆದು ತೆಳುವಾದ ಬಟ್ಟೆಯಲ್ಲಿ ಸೋಸುವಾಗ ಹಿಂಡಬಾರದು. ಸೋಸುಗದಿಂದ ಹೊರಹೋಗುವ ರಕ್ತನಾಳವನ್ನು ರಾಮಿಪ್ರಿಲ್ ಸಡಿಲಿಸುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ, ಕಿಡ್ನಿಯಲ್ಲಿ ಗಾಯದ ಕಲೆ ಕಟ್ಟುವುದು ನಿಧಾನವಾಗುತ್ತದೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಗೂ ಇದಕ್ಕೂ ಸಂಬಂಧ ಕಡಿಮೆ. ಕಾಯಿಲೆ ಇದರಿಂದ ವಾಸಿಯಾಗದು, ಆದರೆ ಕಿಡ್ನಿ ಸೋಲುವ ದಿನ ಮುಂದಕ್ಕೆ ಹೋಗುತ್ತದೆ. ಮಾತ್ರೆ ನಡೆಯುತ್ತಿರುವಾಗ ಆಗಾಗ ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಬೇಕು. ವಾಂತಿ-ಭೇದಿಯಾದ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇದೇ ಜಡೆ ಒಳಕಿವಿಯಲ್ಲಿಯೂ ಕಣ್ಣಿನ ಮಸೂರದ ಪೊರೆಯಲ್ಲಿಯೂ ಇರುವುದರಿಂದ ವರ್ಷಕ್ಕೊಮ್ಮೆ ಅವನ ಕಿವಿ, ಕಣ್ಣಿನ ಪರೀಕ್ಷೆಯೂ ಆಗಲಿ.

ಸೋದರಿಕೆಯ ಮದುವೆ ಎಂದು ನೀವೇ ಬರೆದಿದ್ದೀರಿ. ತಂದೆಯಿಂದೊಂದು, ತಾಯಿಯಿಂದೊಂದು ದೋಷದ ಪ್ರತಿ ಹುಡುಗನಿಗೆ ಬಂದಿದೆ. ಅವನ ತಂಗಿಗೂ ಹಾಗೆಯೇ ಎರಡೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆರೋಗ್ಯವಾಗಿದ್ದಾಳೆ ಎಂದು ಸುಮ್ಮನಿರಬೇಡಿ. ಬರಿಗಣ್ಣಿಗೆ ಕಾಣದ ರಕ್ತವೂ ಮೂತ್ರದಲ್ಲಿ ಇರಬಹುದು. ಈ ವಾರವೇ ಅವಳ ಮೂತ್ರ ಪರೀಕ್ಷೆ ಮಾಡಿಸಿ, ಜೀನ್ ಪರೀಕ್ಷೆಯ ಮಾತನ್ನೂ ಕಿಡ್ನಿ ತಜ್ಞರ ಮುಂದಿಡಿ. ಒಂದೇ ದೋಷದ ಪ್ರತಿ ಇರುವವರಲ್ಲಿಯೂ ಕೆಲವರ ಕಿಡ್ನಿ ವಯಸ್ಸಾದಂತೆ ಸೋಲುತ್ತದೆ, ಆದ್ದರಿಂದ ನಿಮ್ಮ ತಂಗಿ, ಸೋದರಮಾವ ಇಬ್ಬರೂ ನೋಡಿಸಿಕೊಳ್ಳಬೇಕು. ಈ ದೋಷ ನಿಮ್ಮ ತಾಯಿಯ ಕಡೆಯಿಂದಲೇ ಬಂದಿರುವ ಸಂಭವ ಹೆಚ್ಚು, ಅವರನ್ನೂ ಕರೆದುಕೊಂಡು ಹೋಗಿ. ಇಷ್ಟೆಲ್ಲ ಜನರ ಬಗ್ಗೆ ಚಿಂತಿಸುವ ನೀವು ಕೂಡ ಅದೇ ತಾಯಿಯ ಮಗಳು. ಲ್ಯಾಬಿನಲ್ಲಿ ನಿಮ್ಮ ಹೆಸರಿಗೂ ಒಂದು ಡಬ್ಬಿ ಕೇಳಿ ಪಡೆಯಿರಿ.