ನೀವು ಕೇಳಿದ್ರಿ: ಪಂಚಾಯಿತಿಗೆ ಆರ್‌ಟಿಐ ಹಾಕಿದೆ, ಹಿಂಬರಹ ಕೊಟ್ಟು ಕೈ ತೊಳ್ಕೊಂಡ್ರು

ಪ್ರಶ್ನೆ: ಸರ್, ನಮ್ಮೂರಲ್ಲಿ ಹೋದ ವರ್ಷ ಹಾಕಿದ ಸಿಸಿ ರಸ್ತೆ ಆರೇ ತಿಂಗಳಿಗೆ ಕಿತ್ತು ಬಂತು. ಗ್ರಾಮ ಪಂಚಾಯಿತಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ "ರಸ್ತೆ ಯಾಕೆ ಕಳಪೆ ಆಯ್ತು, ಯಾರು ಹೊಣೆ, ದುಡ್ಡು ಎಲ್ಲಿ ಹೋಯ್ತು" ಅಂತ ಕೇಳಿದೆ. ನಲವತ್ತು ದಿನ ಆದ್ಮೇಲೆ "ತಾವು ಕೋರಿರುವ ಮಾಹಿತಿಯು ಪ್ರಶ್ನಾರೂಪದಲ್ಲಿದ್ದು ನೀಡಲು ಅವಕಾಶವಿರುವುದಿಲ್ಲ" ಅಂತ ಹಿಂಬರಹ ಬಂತು. ಆಫೀಸಿಗೆ ಹೋದ್ರೆ "ನಿಮಗ್ಯಾಕ್ರೀ ಇದೆಲ್ಲ" ಅಂತಾರೆ. ಈ ಕಾಯ್ದೆಯಿಂದ ನಮ್ಮಂಥವರಿಗೆ ಉಪಯೋಗ ಇದೆಯಾ?

ಉತ್ತರ: ಇದೆ, ಖಂಡಿತ ಇದೆ. ಆದ್ರೆ ಒಂದು ಮಾತು ನೇರವಾಗಿ ಹೇಳ್ಬೇಕು, ತಪ್ಪಿಸ್ಕೊಳ್ಳೋ ದಾರಿ ಅವರಿಗೆ ನಿಮ್ಮ ಅರ್ಜಿಯಲ್ಲೇ ಸಿಕ್ತು. ಆರ್‌ಟಿಐ ಅಂದ್ರೆ ಅಧಿಕಾರಿಯನ್ನ ಪ್ರಶ್ನೆ ಮಾಡೋ ಕಾಯ್ದೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ಕಡತ ಕೇಳೋ ಕಾಯ್ದೆ. ಆಫೀಸಲ್ಲಿ ದಾಖಲೆಯಾಗಿ ಏನಿದೆಯೋ ಅದನ್ನ ಕೊಡ್ಬೇಕು, ಇಲ್ಲದ್ದನ್ನ ಹೊಸದಾಗಿ ಬರೆದು ಕೊಡ್ಬೇಕಾಗಿಲ್ಲ, ಅಭಿಪ್ರಾಯ ಹೇಳ್ಬೇಕಾಗೂ ಇಲ್ಲ ಅಂತ ಸುಪ್ರೀಂ ಕೋರ್ಟೇ 2011ರಲ್ಲಿ ಸಿಬಿಎಸ್‌ಇ ಕೇಸಲ್ಲಿ ಹೇಳಿದೆ. "ರಸ್ತೆ ಯಾಕೆ ಕಳಪೆ" ಅನ್ನೋದಕ್ಕೆ ಉತ್ತರ ಯಾವ ಫೈಲಲ್ಲೂ ಇರಲ್ಲ. ಆದ್ರೆ ಆ ಉತ್ತರ ನೀವೇ ಹುಡುಕ್ಕೊಳ್ಳೋಕೆ ಬೇಕಾದ ಕಾಗದ ಅಷ್ಟೂ ಅಲ್ಲೇ ಬೀರುವಿನಲ್ಲಿದೆ.

ಹಾಗಾಗಿ ಹೊಸ ಅರ್ಜಿ ಹಾಕಿ. ಆ ಕಾಮಗಾರಿಯ ಹೆಸರು, ವರ್ಷ, ಯಾವ ಯೋಜನೆ ಅಂತ ಸ್ಪಷ್ಟವಾಗಿ ಬರೆದು ಕ್ರಿಯಾ ಯೋಜನೆಗೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿ, ಎಸ್ಟಿಮೇಟ್, ವರ್ಕ್ ಆರ್ಡರ್, ಎಂಬಿ ಪುಸ್ತಕದಲ್ಲಿ (ಆದ ಕೆಲಸದ ಅಳತೆ ಬರೆದಿಡೋ ಪುಸ್ತಕ) ಆ ಕೆಲಸದ ಪುಟಗಳು, ಬಿಲ್ಲು, ವೋಚರ್, ಗುಣಮಟ್ಟ ಪರೀಕ್ಷೆ ವರದಿ, ಇವುಗಳ ದೃಢೀಕೃತ ನಕಲು ಕೊಡಿ ಅಂತ ಕೇಳಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು, ಅದೊಂದು ನೆನಪಿರಲಿ, ಕಥೆ ಬರೀಬೇಡಿ. ಎಂಬಿ ಸಿಕ್ಕ ದಿನ ಒಂದು ಟೇಪು ಹಿಡ್ಕೊಂಡು ರಸ್ತೆಗೆ ಹೋಗಿ, ಉದ್ದ, ಅಗಲ, ಕಿತ್ತು ಬಂದ ಕಡೆ ದಪ್ಪ ಎಷ್ಟಿದೆ ಅಂತ ಅಳೀರಿ, ಪುಸ್ತಕದಲ್ಲಿ ಬರೆದಿರೋದಕ್ಕೂ ನೆಲದ ಮೇಲೆ ಇರೋದಕ್ಕೂ ವ್ಯತ್ಯಾಸ ಇದ್ರೆ ನಿಮ್ಮ ಮೂರು ಪ್ರಶ್ನೆಗೂ ಅಲ್ಲೇ ಉತ್ತರ ಶುರುವಾಗತ್ತೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿ ಪರಿಶೀಲನೆ ಮಾಡೋ ಹಕ್ಕೂ ಇದೆ, ಬಳಸಿದ ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳ್ಳೋ ಹಕ್ಕೂ ಇದೆ.

ಅವರ ಕಡೆ ತಪ್ಪೂ ಇದೆ, ಅದನ್ನ ಬಿಡಬೇಡಿ. 30 ದಿನದೊಳಗೆ ಉತ್ತರ ಬರ್ಬೇಕಿತ್ತು, ಬರಲಿಲ್ಲ ಅಂದ್ರೆ ಅರ್ಜಿ ತಿರಸ್ಕರಿಸಿದ ಹಾಗೇ ಅಂತ ಕಾಯ್ದೆ ಹೇಳತ್ತೆ, ಆಮೇಲೆ ಕೊಡೋ ಮಾಹಿತಿ ಉಚಿತವಾಗೇ ಕೊಡ್ಬೇಕು. "ನಿಮಗ್ಯಾಕೆ" ಅಂತ ಕೇಳೋ ಅಧಿಕಾರ ಯಾರಿಗೂ ಇಲ್ಲ, 6(2)ರಲ್ಲಿ ಕಾರಣ ಕೇಳಬಾರದು ಅಂತ ಬರೆದೇ ಇದೆ. ಹಿಂಬರಹ ಕೈಗೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಪಂಚಾಯಿತಿ ವಿಷಯದಲ್ಲಿ ಸಾಮಾನ್ಯವಾಗಿ ಅದು ತಾಲೂಕು ಪಂಚಾಯಿತಿ ಇಓ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ ಹೋಗತ್ತೆ. ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಪಂಚಾಯಿತಿಲೇ ಯಾಕೆ ಇಷ್ಟು ಕಷ್ಟ ಅಂದ್ರೆ, ಮಾಹಿತಿ ಅಧಿಕಾರಿ ಅಂತ ಸಾಮಾನ್ಯವಾಗಿ ಇರೋದು ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ನೀವು ಕೇಳ್ತಿರೋ ಬಿಲ್ಲಿಗೆ ಸಹಿ ಹಾಕಿರೋರೂ ಎಷ್ಟೋ ಸಲ ಅವರೇ. ಎಲ್ಲರೂ ಮುಚ್ಚಿಡ್ತಾರೆ ಅಂತ ನಾನು ಹೇಳಲ್ಲ, ಬೆರಳೆಣಿಕೆ ಸಿಬ್ಬಂದಿ ಇಟ್ಕೊಂಡು ನೀರು, ತೆರಿಗೆ, ನರೇಗಾ ಎಲ್ಲಾ ನೋಡ್ಕೊಳ್ಳೋ ಪಿಡಿಓಗಳ ಪಾಡೂ ನೋಡಿದೀನಿ. ಆದ್ರೆ 4(1)(ಬಿ) ಕಲಮಿನ ಪ್ರಕಾರ ಬಜೆಟ್ಟು, ಖರ್ಚು, ಫಲಾನುಭವಿಗಳ ವಿವರ ಯಾರೂ ಕೇಳದೇನೇ ಪ್ರಕಟಿಸ್ಬೇಕು. ಅದನ್ನ ಮಾಡಿಬಿಟ್ರೆ ಅರ್ಧ ಅರ್ಜಿ ಬರೋದೇ ಇಲ್ಲ, ಅವರ ಕೆಲಸಾನೂ ಹಗುರ ಆಗತ್ತೆ. ಹಾಗೆ ನೋಡಿದ್ರೆ ನಮ್ಮ ದೇಶದಲ್ಲಿ ಈ ಹೋರಾಟ ಬಲ ಪಡ್ಕೊಂಡಿದ್ದೇ ಇಂಥ ರಸ್ತೆ, ಕಟ್ಟಡದ ಬಿಲ್ಲಿಂದ. 1994ರಲ್ಲಿ ರಾಜಸ್ಥಾನದಲ್ಲಿ ಅರುಣಾ ರಾಯ್ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿ ಕಾಮಗಾರಿಯ ಲೆಕ್ಕಾನ ಊರವರ ಮುಂದೆ ಗಟ್ಟಿಯಾಗಿ ಓದಿದ್ರು, ಕೂಲಿ ಕೆಲಸ ಮಾಡಿದ ಜನಾನೇ ಕೂತು ಕೇಳಿ ಯಾವ್ದು ಸರಿ ಯಾವ್ದು ಸುಳ್ಳು ಅಂತ ಹೇಳಿದ್ರು. 2005ರ ಕಾಯ್ದೆಯ ಹಿಂದೆ ಆ ಜನ ಇದಾರೆ. ನಿಮಗೆ ಸಿಕ್ಕ ಎಂಬಿ ಪುಟಾನೂ ಗ್ರಾಮ ಸಭೆಯಲ್ಲಿ ಹಾಗೇ ಓದಿಸಿ.

ಪ್ರಶ್ನೆ: ನಗರಸಭೆಯಲ್ಲಿ ಲೇಔಟ್ ನಕ್ಷೆ ಕೇಳಿದ್ದಕ್ಕೆ "ಕಡತ ಲಭ್ಯವಿಲ್ಲ" ಅಂತ ಒಂದೇ ಸಾಲು ಬರೆದು ಕೊಟ್ಟಿದಾರೆ. ಇಲ್ಲಿಗೆ ಮುಗೀತಾ?

ಉತ್ತರ: ಮುಗಿಯಲ್ಲ. ಮಾಹಿತಿ ಕೊಡದೆ ಇರೋಕೆ ಕಾರಣಗಳು 8 ಮತ್ತು 9ನೇ ಕಲಮಿನಲ್ಲಿವೆ, "ಫೈಲು ಸಿಗ್ತಿಲ್ಲ" ಅನ್ನೋದು ಅದ್ರಲ್ಲಿ ಎಲ್ಲೂ ಇಲ್ಲ. ಸಿಗ್ಲಿಲ್ಲ ಅಂದ್ರೆ ಸರಿಯಾಗಿ ಹುಡುಕಿಸಿ, ಕಳೆದುಹೋಗಿದ್ರೆ ಯಾರ ಹೊಣೆ ಅಂತ ವಿಚಾರಣೆ ಮಾಡ್ಸೋ ಅಧಿಕಾರ ಆಯೋಗಕ್ಕಿದೆ ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ, ಮೇಲ್ಮನವಿಯಲ್ಲಿ ಅದನ್ನೇ ಕೇಳಿ. ಅದರ ಜೊತೆಗೆ ಇನ್ನೊಂದು ಅರ್ಜಿ ಹಾಕಿ ಆ ಫೈಲು ಕೊನೆಗೆ ಯಾವ ಕೇಸ್ ವರ್ಕರ್ ಹತ್ರ ಇತ್ತು ಅನ್ನೋ ಮೂವ್‌ಮೆಂಟ್ ರಿಜಿಸ್ಟರ್ ನಕಲು ಕೇಳಿ, ಎಷ್ಟೋ ಸಲ ಹೀಗೆ ಕೇಳಿದ ತಕ್ಷಣ ಫೈಲು ಹೊರಗೆ ಬಂದುಬಿಡತ್ತೆ.

ಪ್ರಶ್ನೆ: ಬೇರೆ ದೇಶದ ಸ್ಥಳೀಯ ಸಂಸ್ಥೆಗಳು ನಮಗಿಂತ ಚೆನ್ನಾಗಿ ಮಾಹಿತಿ ಕೊಡ್ತಾವಾ?

ಉತ್ತರ: ಸ್ವೀಡನ್ 1766ರಲ್ಲೇ ಇಂಥ ಕಾನೂನು ಮಾಡ್ತು. ಅಮೆರಿಕದಲ್ಲಿ 1966ರ ಕೇಂದ್ರ ಕಾನೂನು ಅಲ್ಲಿನ ನಗರಸಭೆಗಳಿಗೆ ಅನ್ವಯಿಸೋದೇ ಇಲ್ಲ, ಅದಕ್ಕೆ ಆಯಾ ರಾಜ್ಯದ ಕಾನೂನು ನೋಡ್ಬೇಕು. ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ 20 ಕೆಲಸದ ದಿನ ಟೈಮು, ಆದ್ರೆ ಹುಡುಕೋಕೆ 18 ಗಂಟೆಗಿಂತ ಜಾಸ್ತಿ ಹಿಡಿಯತ್ತೆ ಅಂದ್ರೆ ಅವರು ಆಗಲ್ಲ ಅನ್ನಬಹುದು. ನಮ್ಮ ಕಾಯ್ದೆಯಲ್ಲಿ ಒಂದು ಗಟ್ಟಿ ಅಂಶ ಇದೆ: ಸರಿಯಾದ ಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೇ ದಿನಕ್ಕೆ 250 ರೂಪಾಯಿ ಲೆಕ್ಕದಲ್ಲಿ 25,000 ರೂಪಾಯಿವರೆಗೆ ದಂಡ. ಅದಕ್ಕೇ ಎರಡನೇ ಮೇಲ್ಮನವಿಯಲ್ಲಿ 20ನೇ ಕಲಮಿನ ಪ್ರಕಾರ ದಂಡ ಹಾಕಿ ಅಂತ ಒಂದು ಸಾಲು ಸೇರಿಸಿ, ಅರ್ಜಿಯ ಸ್ವೀಕೃತಿ ಜೋಪಾನವಾಗಿ ಇಟ್ಕೊಂಡಿರಿ, ತಾರೀಖು ಸಾಬೀತು ಮಾಡೋಕೆ ಅದೇ ಬೇಕು.